‘ಮರಥೋನ್’ ಎಂಬ ರಣಕ್ಷೇತ್ರದ ಹೆಸರು: ಅದರ ಅರ್ಥವೂ ಬಳಕೆಯೂ

ಶಾಲೆಯ ಆಟೋಟಗಳ ದಿನದಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ನಮ್ಮ ಬಾಲಿಕೆಯರು ‘ಮ್ಯಾರಥಾನ್’ ಎಂಬ ಮಾತನ್ನು ಪದೇ ಪದೇ ಕೇಳುತ್ತಾರೆ. ಅದರ ಅರ್ಥವೇನೆಂದು ವಿಚಾರಿಸಿದರೆ ದೂರದ ಓಟವೆಂದು ಎಲ್ಲರೂ ಉತ್ತರ ಕೊಡುವರು. ಇನ್ನೂ ಸ್ವಲ್ಪ ಓದಿದವರು, ಅದು ಗ್ರೀಸ್ ದೇಶದ ಒಂದು ಯುದ್ಧಭೂಮಿಯ ಹೆಸರೆಂದೂ, ಜಯದ ಸುದ್ದಿಯನ್ನು ಹೊತ್ತು ಓಡಿಬಂದ ದೂತನೊಬ್ಬನ ನೆನಪಿಗಾಗಿ ಓಟಕ್ಕೆ ಆ ಹೆಸರು ಬಂದಿತೆಂದೂ ಹೇಳುವರು. ಎರಡು ಉತ್ತರಗಳೂ ಸುಳ್ಳಲ್ಲ. ಆದರೆ ಎರಡೂ ಅರ್ಧದಾರಿಯಲ್ಲಿಯೇ ನಿಲ್ಲುತ್ತವೆ. ಒಂದು ಹೊಲದ ಹೆಸರು ಯುದ್ಧದ ಹೆಸರಾದುದು ಹೇಗೆ, ಯುದ್ಧದ ಹೆಸರು ಓಟದ ಹೆಸರಾದುದು ಹೇಗೆ, ಆ ಹೆಸರಿನ ಮೇಲೆ ಯಾರಿಗೆ ಹಕ್ಕು ದೊರೆಯಿತು, ಯಾರಿಗೆ ಬಹುಕಾಲ ದೊರೆಯದೆ ಹೋಯಿತು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ನಮ್ಮ ಕನ್ನಡನಾಡಿನಲ್ಲಿಯೂ ಇಂಥದೊಂದು ರಣಕ್ಷೇತ್ರವುಂಟು. ಅದರ ಹೆಸರಿನ ಗತಿ ಮಾತ್ರ ಬೇರೆಯಾಯಿತು. ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ವಿಷಯವು ಹೆಚ್ಚು ತಿಳಿಯಾಗುವುದು.

ಮೊದಲು ಉಚ್ಚಾರಣೆಯ ಮಾತು. ಗ್ರೀಕರು ತಮ್ಮ ಊರನ್ನು ‘ಮರಥೋನ್’ ಎಂದು ಕರೆದರು. ‘ಮ್ಯಾರಥಾನ್’ ಎಂಬುದು ಆಂಗ್ಲರ ಬಾಯಿಂದ ನಮಗೆ ಬಂದ ರೂಪ. ಇದರಲ್ಲೊಂದು ವಿನೋದವಿದೆ. ಗ್ರೀಕರ ಲಿಪಿಯಲ್ಲಿ ಈ ಹೆಸರಿನ ನಡುವೆ ಇರುವ ಅಕ್ಷರವನ್ನು ಪ್ರಾಚೀನ ಅಥೇನ್ಸಿನವರು ನಮ್ಮ ಮಹಾಪ್ರಾಣ ‘ಥ’ಕಾರದಂತೆಯೇ ಉಚ್ಚರಿಸುತ್ತಿದ್ದರು. ಕಾಲಾಂತರದಲ್ಲಿ ಗ್ರೀಕರೇ ಆ ಧ್ವನಿಯನ್ನು ಬಿಟ್ಟರು. ಆಂಗ್ಲರಿಗಂತೂ ಅದು ನಾಲಿಗೆಯನ್ನು ಹಲ್ಲಿಗೆ ತಗುಲಿಸಿ ಗಾಳಿಯನ್ನು ಬಿಡುವ ಬೇರೊಂದು ಧ್ವನಿಯಾಯಿತು. ಆಂಗ್ಲ ಅಕ್ಷರಗಳನ್ನು ನೋಡಿ ನಮ್ಮವರು ‘ಥ’ ಎಂದು ಬರೆದರು. ಹಾಗೆ ಬರೆದುದರಿಂದ, ತಿಳಿಯದೆಯೇ, ಎರಡೂವರೆ ಸಾವಿರ ವರ್ಷಗಳ ಹಿಂದಿನ ಧ್ವನಿಯನ್ನು ಅದರ ಸ್ಥಾನಕ್ಕೆ ಮರಳಿಸಿದರು. ಸ್ವರಗಳು ಮಾತ್ರ ಕೆಟ್ಟುಹೋದವು. ಈ ಲೇಖನದಲ್ಲಿ ಸ್ಥಳವನ್ನು ‘ಮರಥೋನ್’ ಎಂದೂ, ಓಟವನ್ನು ರೂಢಿಯಂತೆ ‘ಮ್ಯಾರಥಾನ್’ ಎಂದೂ ಬರೆಯುವೆವು. ಓದುವವರು ಎರಡನ್ನೂ ಬೇರೆ ಬೇರೆಯಾಗಿ ಹಿಡಿದುಕೊಳ್ಳುವುದಕ್ಕೆ ಇದರಿಂದ ಅನುಕೂಲವಾದೀತು.

ಇನ್ನು ಅರ್ಥ. ಗ್ರೀಕ್ ಭಾಷೆಯಲ್ಲಿ ‘ಮರಥೋನ್’ ಎಂಬ ಊರಿನ ಹೆಸರಿಗೆ ಮೂಲವು ‘ಮಾರಥೊನ್’ ಎಂಬ ಗಿಡದ ಹೆಸರು. ಆ ಗಿಡವು ಬೇರೆ ಯಾವುದೂ ಅಲ್ಲ, ಊಟವಾದ ಮೇಲೆ ಎಲೆಯಡಿಕೆಯ ತಟ್ಟೆಯಲ್ಲಿ ನಾವು ಇಡುವ ಸೋಂಪುಕಾಳಿನ ಗಿಡ. ಸಬ್ಬಸಿಗೆಯ ಸೊಪ್ಪಿನಂಥ ಎಳೆ ಎಳೆಯಾದ ಎಲೆ, ಕೊಡೆಯಂತೆ ಹರಡಿದ ಹಳದಿ ಹೂಗೊಂಚಲು. ಗ್ರೀಸಿನ ಒಣಭೂಮಿಯಲ್ಲಿ ಅದು ಯಾರೂ ಬಿತ್ತದೆ ದಾರಿಯ ಬದಿಯಲ್ಲಿ ಆಳೆತ್ತರಕ್ಕೆ ಬೆಳೆಯುವುದು. ಅದು ಹೇರಳವಾಗಿದ್ದ ಬಯಲು ಮರಥೋನ್. ಎಂದರೆ ‘ಸೋಂಪಿನ ಬಯಲು’. ಬೆಳೆಯಿಂದಲೂ ಮರದಿಂದಲೂ ಊರಿಗೆ ಹೆಸರು ಬರುವುದು ಕನ್ನಡಿಗರಿಗೆ ಹೊಸತಲ್ಲ. ಹುಣಸೂರು, ಹಲಸೂರು ಎಂಬ ಹೆಸರುಗಳಿವೆ. ನಮ್ಮ ಸೀಮೆಯಲ್ಲಿಯೇ ಬಾಳೆಹೊನ್ನೂರಿನಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಬಾಳೆಹೊಳೆ ಇದೆ. ಜಗತ್ತಿನ ಇತಿಹಾಸದಲ್ಲಿ ಅತ್ಯಂತ ಘನವಾಗಿ ಕೇಳಿಸುವ ಹೆಸರುಗಳಲ್ಲೊಂದು ಒಳಗೆ ಬಾಳೆಹೊಳೆಯಷ್ಟೇ ಸಾಧುವಾದುದು ಎಂಬುದು ನಮಗೆ ಬಹಳ ಹಿಡಿಸಿತು.

ಆ ಬಯಲಿನಲ್ಲಿ ಯುದ್ಧವಾದುದು ಕ್ರಿಸ್ತಪೂರ್ವ 490ರಲ್ಲಿ. ಪಾರಸಿಕರ ಚಕ್ರವರ್ತಿಯ ಹಡಗುಗಳು ಅಥೇನ್ಸ್ ಪಟ್ಟಣಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿದ್ದ ಮರಥೋನಿನ ಕಡಲತೀರಕ್ಕೆ ಬಂದು ಸೈನ್ಯವನ್ನು ಇಳಿಸಿದವು. ಆ ಚಕ್ರವರ್ತಿಯು ಸತ್ಯವೇದದ ಎಜ್ರನ ಗ್ರಂಥವನ್ನು ಓದಿದವರಿಗೆ ಪರಿಚಿತನಾದ ದಾರ್ಯಾವೆಷನೇ. ಅಥೇನ್ಸಿನವರು ಸುಮಾರು ಹತ್ತು ಸಾವಿರ ಮಂದಿ; ಅವರಿಗೆ ನೆರವಾಗಿ ಬಂದವರು ಪ್ಲಟೀಯ ಎಂಬ ಚಿಕ್ಕ ಊರಿನ ಸುಮಾರು ಒಂದು ಸಾವಿರ ಮಂದಿ ಮಾತ್ರ. ಮಿಲ್ಟಿಯಾಡೀಸನೆಂಬ ಸೇನಾನಿಯ ಮಾತಿನಂತೆ ಅವರು ಮುನ್ನುಗ್ಗಿ ಹೊಡೆದು ಗೆದ್ದರು. ಹಿರೊಡೊಟಸನೆಂಬ ಇತಿಹಾಸಕಾರನು ಸತ್ತ ಪಾರಸಿಕರನ್ನು 6,400 ಎಂದೂ, ಅಥೇನ್ಸಿನವರನ್ನು 192 ಎಂದೂ ಬರೆದಿದ್ದಾನೆ. ಯುದ್ಧದಲ್ಲಿ ಮಡಿದವರನ್ನು ಪಟ್ಟಣಕ್ಕೆ ತಂದು ಹೂಳುವುದು ಅಥೇನ್ಸಿನ ಪದ್ಧತಿಯಾಗಿತ್ತು. ಈ 192 ಮಂದಿಯನ್ನು ಮಾತ್ರ ವಿಶೇಷ ಗೌರವದಿಂದ ರಣಭೂಮಿಯಲ್ಲಿಯೇ ಹೂಳಿ ಮೇಲೆ ಮಣ್ಣಿನ ದಿಬ್ಬವನ್ನು ಎತ್ತಿದರು. ಹತ್ತಿರದಲ್ಲಿ ಅವರ ಹೆಸರುಗಳನ್ನು ಕುಲವಾರಾಗಿ ಕಲ್ಲಿನಲ್ಲಿ ಕೆತ್ತಿದರು. ನಮ್ಮ ಊರುಗಳ ಹೊಲದಂಚಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ಇಲ್ಲಿ ನೆನೆಯಬಹುದು. ಪ್ಲಟೀಯದವರಿಗೂ, ಯುದ್ಧದಲ್ಲಿ ಕಾದಿ ಸತ್ತ ದಾಸರಿಗೂ ಬೇರೆ ಸಮಾಧಿಯಾಯಿತು. ದಿಬ್ಬವು ಇಂದಿಗೂ ಉಂಟು.

ಆ ಮೇಲೆ ಗ್ರೀಕರ ಬಾಯಲ್ಲಿ ‘ಮರಥೋನ್’ ಎಂದರೆ ಊರೆಂಬ ಅರ್ಥವು ಹಿಂದಕ್ಕೆ ಸರಿಯಿತು. ‘ಮರಥೋನಿನಲ್ಲಿ ಕಾದಿದವರು’ ಎಂದು ಒಂದು ಸಮಾಸಪದವನ್ನೇ ಅವರು ಕಟ್ಟಿದರು. ಹಾಸ್ಯನಾಟಕಕಾರನಾದ ಅರಿಸ್ಟೊಫನೀಸನು ಹಳೆಯ ಕಾಲದ ಗಟ್ಟಿ ಮುದುಕರನ್ನು ಕುರಿತು ಆ ಪದವನ್ನು ಬಳಸಿದನು. ಮಹಾನಾಟಕಕಾರನಾದ ಎಸ್ಕಿಲಸನು ಸ್ವತಃ ಆ ಯುದ್ಧದಲ್ಲಿ ಕಾದಿದವನು. ಅವನ ಸಮಾಧಿಯ ಮೇಲಿನದೆಂದು ಪರಂಪರೆಯಿಂದ ಬಂದಿರುವ ಶಾಸನವು ಅವನ ನಾಟಕಗಳ ವಿಷಯವಾಗಿ ಒಂದು ಮಾತನ್ನೂ ಆಡದೆ, ಅವನು ಮರಥೋನಿನಲ್ಲಿ ಶೌರ್ಯ ತೋರಿದುದನ್ನು ಮಾತ್ರ ಹೇಳುತ್ತದೆ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಆ ಕಡೆ ಸಂಚರಿಸಿದ ಪೌಸೇನಿಯಸನು, ರಾತ್ರಿಯ ಹೊತ್ತು ಬಯಲಿನಲ್ಲಿ ಕುದುರೆಗಳ ಕೆನೆತವೂ ಕಾದಾಟದ ಸದ್ದೂ ಕೇಳಿಸುವುದೆಂದು ಬರೆದಿಟ್ಟಿದ್ದಾನೆ. ಆರುನೂರು ವರ್ಷಗಳಾದ ಮೇಲೆಯೂ ಹೆಸರು ತಣ್ಣಗಾಗಿರಲಿಲ್ಲ.

ಈಗ ಓಟದ ಕಥೆಗೆ ಬರೋಣ. ಇಲ್ಲಿ ವಿದ್ಯಾರ್ಥಿನಿಯರು ಸ್ವಲ್ಪ ಎಚ್ಚರದಿಂದ ಓದಬೇಕು. ಯುದ್ಧಕ್ಕೆ ಅತ್ಯಂತ ಸಮೀಪನಾದ ಇತಿಹಾಸಕಾರನು ಹಿರೊಡೊಟಸನು. ಅವನು ಒಬ್ಬ ಓಟಗಾರನನ್ನು ಹೆಸರಿಸುತ್ತಾನೆ. ಪ್ರತಿಗಳಲ್ಲಿ ಆ ಹೆಸರು ಫಿಲಿಪ್ಪಿಡೀಸ್ ಎಂದೂ ಫೈಡಿಪ್ಪಿಡೀಸ್ ಎಂದೂ ಎರಡು ಬಗೆಯಾಗಿ ಕಾಣುವುದು. ಇವನು ವೃತ್ತಿಯಿಂದ ಓಲೆಕಾರ. ನಮ್ಮ ಮೈಸೂರು ಸಂಸ್ಥಾನದಲ್ಲಿ 1672ರಲ್ಲಿ ಚಿಕ್ಕದೇವರಾಜ ಒಡೆಯರು ಸ್ಥಾಪಿಸಿದ ಅಂಚೆಯು 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಸೇರಿಹೋಗುವವರೆಗೆ ಟಪ್ಪಾಲು ಹೊತ್ತು ಓಡುತ್ತಿದ್ದ ಅಂಚೆಯವರಂತೆ, ಓಡುವುದೇ ಅವನ ಜೀವನೋಪಾಯ. ಆದರೆ ಅವನು ಓಡಿದುದು ಮರಥೋನಿನಿಂದ ಅಥೇನ್ಸಿಗೆ ಅಲ್ಲ; ಯುದ್ಧಕ್ಕೆ ಮುಂಚೆ, ಸಹಾಯವನ್ನು ಬೇಡುವುದಕ್ಕಾಗಿ, ಅಥೇನ್ಸಿನಿಂದ ಸ್ಪಾರ್ಟಾ ಪಟ್ಟಣಕ್ಕೆ. ಸುಮಾರು 240 ಕಿಲೋಮೀಟರು ದೂರವನ್ನು ಕ್ರಮಿಸಿ ಮರುದಿನವೇ ಅಲ್ಲಿ ಸೇರಿದನಂತೆ. ಹುಣ್ಣಿಮೆಯಾಗುವವರೆಗೆ ಹೊರಡಲಾರೆವೆಂದು ಸ್ಪಾರ್ಟಾದವರು ಹೇಳಿದರು. ಜಯದ ಸುದ್ದಿಯನ್ನು ಉಸುರಿ ಪ್ರಾಣ ಬಿಟ್ಟ ದೂತನ ವಿಷಯವು ಹಿರೊಡೊಟಸನಲ್ಲಿ ಇಲ್ಲವೇ ಇಲ್ಲ. ಐದು ಶತಮಾನಗಳಿಗಿಂತ ಹೆಚ್ಚು ಕಾಲ ಕಳೆದ ಮೇಲೆ ಪ್ಲುಟಾರ್ಕನು ಅಂಥವನೊಬ್ಬನನ್ನು ಬೇರೆ ಹೆಸರುಗಳಿಂದ ಹೇಳಿದನು. ಆ ಬಳಿಕ ಲೂಸಿಯನನು ಅವನಿಗೆ ಫಿಲಿಪ್ಪಿಡೀಸನ ಹೆಸರನ್ನು ಕೊಟ್ಟನು. ಕೊನೆಗೆ 1879ರಲ್ಲಿ ಆಂಗ್ಲಕವಿ ರಾಬರ್ಟ್ ಬ್ರೌನಿಂಗನು ಎರಡು ಓಟಗಳನ್ನೂ ಒಬ್ಬನ ಕಾಲಿಗೇ ಕಟ್ಟಿ ಪದ್ಯವನ್ನು ಬರೆದನು. ಲೋಕವು ನಂಬಿದುದು ಆ ಪದ್ಯವನ್ನು.

ಜಾವಳಿಯ ಕಡೆಯವರಾದ ನಮಗೆ ಇಂಥ ಕಥೆಯ ಹುಟ್ಟು ಆಶ್ಚರ್ಯವನ್ನು ಉಂಟುಮಾಡಬೇಕಾಗಿಲ್ಲ. ಇದೇ ಮೂಡಿಗೆರೆ ತಾಲೂಕಿನ ಅಂಗಡಿ ಎಂಬ ಗ್ರಾಮವೇ ಪೂರ್ವದ ಸೊಸೆವೂರು. ಅಲ್ಲಿ ಹುಲಿಯು ಮೇಲೆ ಬೀಳಲು ಬಂದಾಗ ಗುರುವು ‘ಹೊಯ್ ಸಳ’ ಎಂದನೆಂದೂ, ಸಳನು ಹುಲಿಯನ್ನು ಹೊಡೆದನೆಂದೂ, ಆ ಮಾತೇ ವಂಶದ ಹೆಸರಾಯಿತೆಂದೂ ಮಕ್ಕಳೆಲ್ಲರೂ ಬಲ್ಲರು. ಕಥೆಯು ಶಾಸನಗಳಲ್ಲಿ ಕಾಣಿಸಿಕೊಳ್ಳುವುದು ವಿಷ್ಣುವರ್ಧನನ ಕಾಲಕ್ಕೆ. ಅವನು ಹುಲಿಯ ಲಾಂಛನವುಳ್ಳ ಚೋಳರನ್ನು ತಲಕಾಡಿನಲ್ಲಿ 1116ರಲ್ಲಿ ಸೋಲಿಸಿದ ಸುಮಾರಿಗೆ. ಹೆಸರು ಮೊದಲು, ಕಥೆ ಆಮೇಲೆ ಎಂದು ವಿದ್ವಾಂಸರು ಎಣಿಸುವುದಕ್ಕೆ ಇದೇ ಕಾರಣ. ಕಥೆಯು ಹಿಂದಿನಿಂದ ಬಂದುದರಿಂದ ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ಬೇಲೂರಿನ ಕಲ್ಲಿನಲ್ಲಿ ಸಳನು ಇನ್ನೂ ಹುಲಿಯನ್ನು ಇರಿಯುತ್ತಲೇ ಇದ್ದಾನೆ. ಆದರೆ ಯಾವುದು ನಡೆದುದು, ಯಾವುದು ನಡೆದುದರ ಮೇಲೆ ಬೆಳೆದುದು ಎಂಬ ಭೇದವನ್ನು ಓದಿದವರು ಅರಿತಿರಬೇಕು.

ತಲಕಾಡಿನ ಮಾತು ಬಂದಿತು. ಆದುದರಿಂದ ಯುದ್ಧಸ್ಥಳದ ಹೆಸರನ್ನು ಕನ್ನಡಿಗರು ಬಳಸುತ್ತಿದ್ದ ಪ್ರಾಚೀನ ಕ್ರಮವನ್ನೂ ಹೇಳಿಬಿಡೋಣ. ವಿಷ್ಣುವರ್ಧನನು ‘ತಲಕಾಡುಗೊಂಡ’ ಎಂಬ ಬಿರುದನ್ನು ಧರಿಸಿದನು. ಗ್ರೀಕರು ಊರಿನ ಹೆಸರನ್ನು ಕಾದಿದ ಮಂದಿಗೆಲ್ಲ ಹಂಚಿದರು. ನಮ್ಮಲ್ಲಿ ಅದು ಅರಸನೊಬ್ಬನ ಬಿರುದಾಯಿತು. ಮಡಿದವನ ಹೆಸರು, ಬರೆಸುವವರಿದ್ದರೆ, ಅವನ ಊರಿನ ವೀರಗಲ್ಲಿನಲ್ಲಿ ಉಳಿಯಿತು. ಜಾವಳಿಯಲ್ಲಿ ಹುಟ್ಟುವ ಹೇಮಾವತಿಯ ನೀರು ಕಾವೇರಿಯನ್ನು ಸೇರಿ ತಲಕಾಡಿನ ಮರಳಿನ ಪಕ್ಕದಲ್ಲಿಯೇ ಹರಿದುಹೋಗುತ್ತದೆ. ಆದರೆ ಇಲ್ಲಿಯ ಮನೆಗಳಲ್ಲಿ ತಲಕಾಡೆಂದರೆ ಪಂಚಲಿಂಗ ದರ್ಶನದ ನೆನಪೇ ಹೊರತು ಯುದ್ಧದ ನೆನಪಲ್ಲ.

ಮರಥೋನಿಗೆ ಸರಿದೂಗುವಷ್ಟು ದೊಡ್ಡ ಪರಿಣಾಮವುಳ್ಳ ಕನ್ನಡನಾಡಿನ ಯುದ್ಧವೆಂದರೆ 1565ನೆಯ ಇಸವಿಯ ಜನವರಿ ತಿಂಗಳಿನದು. ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಗಳ ಸುಲ್ತಾನರು ಒಂದುಗೂಡಿ ವಿಜಯನಗರದ ರಾಮರಾಯನನ್ನು ಸೋಲಿಸಿದರು, ರಾಮರಾಯನು ಹತನಾದನು, ರಾಜಧಾನಿಯು ಹಾಳಾಯಿತು. ಈ ಯುದ್ಧದ ಹೆಸರೇನು? ಆಂಗ್ಲ ಗ್ರಂಥಗಳಲ್ಲಿ ‘ತಾಳಿಕೋಟೆಯ ಯುದ್ಧ’. ಆದರೆ ತಾಳಿಕೋಟೆಯು ಡೋಣಿ ನದಿಯ ದಂಡೆಯ ಊರು. ಸುಲ್ತಾನರ ಸೈನ್ಯಗಳು ಬಂದು ಕೂಡಿದುದು ಅಲ್ಲಿ. ಕಾದಾಟವಾದುದು ಅಲ್ಲಿಂದ ಬಹಳ ಮೈಲುಗಳು ದಕ್ಷಿಣಕ್ಕೆ, ಕೃಷ್ಣೆಯನ್ನು ದಾಟಿದ ಮೇಲೆ. ಕನ್ನಡಿಗರು ಅದನ್ನು ಕೃಷ್ಣಾತೀರದ ರಕ್ಕಸಗಿ, ತಂಗಡಗಿ ಎಂಬ ಎರಡು ಗ್ರಾಮಗಳ ಹೆಸರಿನಿಂದ ‘ರಕ್ಕಸತಂಗಡಿ’ ಯುದ್ಧವೆಂದರು; ‘ಬನ್ನಿಹಟ್ಟಿಯ ಯುದ್ಧ’ ಎಂಬ ಹೆಸರೂ ಇದೆ. ಎರಡು ಊರುಗಳು ಕೂಡಿ ಒಂದೇ ಪದವಾದುದರಿಂದ, ಯಾವನೋ ರಾಕ್ಷಸನ ಕಥೆಯೆಂದು ಭಾವಿಸುವ ಮಕ್ಕಳೂ ಉಂಟು. ಗಿರೀಶ ಕಾರ್ನಾಡರು ಈ ವಸ್ತುವಿನ ಮೇಲೆ ಬರೆದ ನಾಟಕಕ್ಕೆ ಕನ್ನಡದಲ್ಲಿ, 2018ರಲ್ಲಿ, ‘ರಾಕ್ಷಸ ತಂಗಡಿ’ ಎಂದೇ ಹೆಸರಿಟ್ಟರು; ಮರುವರ್ಷ ಹೊರಬಂದ ಅದರ ಆಂಗ್ಲ ರೂಪದ ಹೆಸರಿನಲ್ಲಿ ತಾಳಿಕೋಟೆಯನ್ನು ಇಟ್ಟರು. ಒಬ್ಬನೇ ಗ್ರಂಥಕರ್ತನು ಎರಡು ಭಾಷೆಗಳ ಓದುಗರಿಗೆ ಒಂದೇ ಯುದ್ಧವನ್ನು ಎರಡು ಊರುಗಳಿಂದ ಗುರುತಿಸಬೇಕಾಯಿತು.

ಈ ಕನ್ನಡ ಹೆಸರುಗಳನ್ನು ಸ್ವಲ್ಪ ಬಿಡಿಸಿ ನೋಡಿರಿ. ತಂಗಡಿ ಎಂಬುದು ಆವರಿಕೆ ಗಿಡದ ಇನ್ನೊಂದು ಹೆಸರು. ಬಯಲುಸೀಮೆಯ ಒಣನೆಲದಲ್ಲಿ ತಾನಾಗಿ ಬೆಳೆಯುವ, ಹಳದಿ ಹೂವಿನ, ತೊಗಟೆಯು ಚರ್ಮವನ್ನು ಹದಮಾಡುವುದಕ್ಕೆ ಒದಗುವ ಗಿಡವದು. ಬನ್ನಿಯು ವಿಜಯದಶಮಿಯ ದಿನ ಎಲ್ಲರೂ ಬಲ್ಲ ಮರ. ಅಲ್ಲಿ ಸೋಂಪಿನ ಹಳದಿ, ಇಲ್ಲಿ ತಂಗಡಿಯ ಹಳದಿ. ಎರಡು ದೇಶಗಳಲ್ಲಿಯೂ ರಾಜ್ಯಗಳ ಹಣೆಬರಹವನ್ನು ತಿರುಗಿಸಿದ ಯುದ್ಧದ ಹೆಸರಿನೊಳಗೆ ದಾರಿಬದಿಯ ಗಿಡವೊಂದು ಕೇಳಿಸುತ್ತದೆ. ಆದರೆ ಒಂದು ಹೆಸರನ್ನು ಗೆದ್ದವರು ತಮ್ಮ ಮಕ್ಕಳಿಗೆ ಹೇಳಿಕೊಟ್ಟರು, ನಾಟಕದಲ್ಲಿ ಆಡಿದರು, ಕಲ್ಲಿನಲ್ಲಿ ಕೆತ್ತಿದರು. ಆದುದರಿಂದ ಅದು ತನ್ನ ನೆಲವನ್ನು ಬಿಡಲಿಲ್ಲ. ಇನ್ನೊಂದರಲ್ಲಿ ಸೋತವರಿಗೆ ಹೇಳಿಕೊಳ್ಳುವ ಮನಸ್ಸಿರಲಿಲ್ಲ, ಹೇಳಿದವರು ದೂರದವರು, ಹೆಸರು ರಣಭೂಮಿಯಿಂದ ಜಾರಿ ಶಿಬಿರದ ಊರಿನ ಮೇಲೆ ಕುಳಿತಿತು. ಪರೀಕ್ಷೆಯಲ್ಲಿ ‘ತಾಳಿಕೋಟೆ’ ಎಂದು ಬರೆದವಳಿಗೆ ತಪ್ಪು ಹಾಕಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆದರೆ ಆ ಊರಿನಲ್ಲಿ ಯುದ್ಧವಾಯಿತೆಂದು ಅವಳು ನಂಬಬಾರದು.

ಮರಥೋನ್ ಎಂಬ ಹೆಸರು ಓಟಕ್ಕೆ ಬಂದುದು 1896ರಲ್ಲಿ. ಅಥೇನ್ಸಿನಲ್ಲಿ ಒಲಿಂಪಿಕ್ ಕ್ರೀಡೆಗಳನ್ನು ಪುನಃ ಆರಂಭಿಸಿದಾಗ, ಮಿಶೆಲ್ ಬ್ರೆಯಾಲ್ ಎಂಬ ಫ್ರೆಂಚ್ ವಿದ್ವಾಂಸನು ದೂತನ ದಾರಿಯಲ್ಲಿ ಓಟವಿರಲೆಂದು ಸೂಚಿಸಿದನು. ಈತನು ಭಾಷಾಶಾಸ್ತ್ರಜ್ಞ, ಪದಗಳ ಅರ್ಥವು ಬದಲಾಗುವ ಬಗೆಯನ್ನೇ ಅಭ್ಯಾಸ ಮಾಡಿದವನು. ಅವನ ಸೂಚನೆಯಿಂದಲೇ ಈ ಪದದ ಅರ್ಥವು ಇಷ್ಟು ಬದಲಾಯಿತೆಂಬುದು ಸ್ವಾರಸ್ಯವಲ್ಲವೆ? ಸ್ಪಿರಿಡನ್ ಲೂಯಿಸ್ ಎಂಬ ಗ್ರೀಕನು ಸುಮಾರು 40 ಕಿಲೋಮೀಟರುಗಳನ್ನು 2 ಗಂಟೆ 58 ನಿಮಿಷ 50 ಸೆಕೆಂಡುಗಳಲ್ಲಿ ಓಡಿ ಗೆದ್ದನು. ಈಗಿನ 42.195 ಕಿಲೋಮೀಟರು ಅಳತೆಗೂ ಮರಥೋನಿಗೂ ಸಂಬಂಧವಿಲ್ಲ. ಅದು 1908ರಲ್ಲಿ ಲಂಡನಿನ ಓಟವನ್ನು ವಿಂಡ್ಸರ್ ಅರಮನೆಯಿಂದ ಹೊರಡಿಸಿದ್ದರಿಂದ ಬಂದ ಅಳತೆ. 1921ರಲ್ಲಿ ಅದನ್ನೇ ಸ್ಥಿರಪಡಿಸಿದರು.

ಅಲ್ಲಿಂದಾಚೆಗೆ ಪದವು ಹಿಡಿತ ತಪ್ಪಿ ಹರಿಯಿತು. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ 10 ಕಿಲೋಮೀಟರು ಓಟವನ್ನೂ ಜನರು ಮ್ಯಾರಥಾನ್ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಮಂತ್ರಿಗಳು ‘ಮ್ಯಾರಥಾನ್ ಸಭೆ’ ನಡೆಸುತ್ತಾರೆ. ದೀರ್ಘ, ಸುದೀರ್ಘ, ಎಡೆಬಿಡದ ಎಂಬ ಮಾತುಗಳು ಕನ್ನಡದಲ್ಲಿ ಸತ್ತಿಲ್ಲವಲ್ಲ! ಇಷ್ಟಕ್ಕೂ ಸಾಲದೆ ಪದದ ಬಾಲವನ್ನು ಮುರಿದು ‘ವಾಕಥಾನ್’, ‘ಹ್ಯಾಕಥಾನ್’ ಎಂದು ಕಟ್ಟಿದುದೂ ಆಂಗ್ಲದಿಂದ ನಮಗೆ ಬಂದಿದೆ. ಗ್ರೀಕ್ ಭಾಷೆಯಲ್ಲಿ ಆ ‘ಥಾನ್’ ತುಂಡಿಗೆ ಯಾವ ಅರ್ಥವೂ ಇಲ್ಲ. ಅದು ಸೋಂಪಿನ ಹೆಸರಿನ ಅರ್ಧ. ಬೆಂಗಳೂರು, ಮಂಗಳೂರು, ಚಿಕ್ಕಮಗಳೂರು ಎಂಬ ಹೆಸರುಗಳನ್ನು ಕೇಳಿದ ಪರದೇಶಿಯೊಬ್ಬನು ‘ಗಳೂರು’ ಎಂದರೆ ಪಟ್ಟಣವೆಂದು ನಿಶ್ಚಯಿಸಿ, ಪ್ಯಾರಿಸನ್ನು ‘ಪ್ಯಾರಿಗಳೂರು’ ಎಂದರೆ ಹೇಗೋ ಇದೂ ಹಾಗೆಯೇ. ರೂಢಿಯನ್ನು ತಡೆಯುವ ಶಕ್ತಿ ನಮಗಿಲ್ಲ. ಪ್ರಬಂಧಗಳಲ್ಲಿಯಾದರೂ ನಮ್ಮ ವಿದ್ಯಾರ್ಥಿನಿಯರು ‘ಮ್ಯಾರಥಾನ್’ ಎಂಬ ಮಾತನ್ನು 42.195 ಕಿಲೋಮೀಟರು ಓಟಕ್ಕೆ ಮೀಸಲಿಟ್ಟರೆ ಸಂತೋಷಪಡುವೆವು.

ಪದವನ್ನು ಸಭೆಗೂ ಭಾಷಣಕ್ಕೂ ಇಷ್ಟು ಧಾರಾಳವಾಗಿ ಕೊಟ್ಟ ಲೋಕವು ಅದನ್ನು ಹೆಂಗಸರಿಗೆ ಕೊಡುವುದಕ್ಕೆ ಮಾತ್ರ ಬಹಳ ಹಿಂದೆಮುಂದೆ ನೋಡಿತು. 1896ರಲ್ಲಿ ಲೂಯಿಸನು ಗೆದ್ದ ಮರುದಿನ, ಸ್ಟಮಾಟಾ ರೆವಿಥಿ ಎಂಬ ಬಡ ತಾಯಿಯೊಬ್ಬಳು ಅದೇ ದಾರಿಯನ್ನು ಒಬ್ಬಳೇ ಓಡಿದಳು. ಗಂಡಸರ ಜೊತೆಯಲ್ಲಿ ಓಡುವುದಕ್ಕೆ ಅವಳಿಗೆ ಅಪ್ಪಣೆ ದೊರೆತಿರಲಿಲ್ಲ. ಹೊರಟ ವೇಳೆಯನ್ನೂ ಸೇರಿದ ವೇಳೆಯನ್ನೂ ಕಂಡವರಿಂದ ಕಾಗದದ ಮೇಲೆ ಬರೆಸಿ ರುಜು ಹಾಕಿಸಿಕೊಂಡಳು. ಸುಮಾರು ಐದೂವರೆ ಗಂಟೆ. ಕ್ರೀಡಾಂಗಣದ ಒಳಕ್ಕೆ ಅವಳನ್ನು ಬಿಡಲಿಲ್ಲ. 1928ರಲ್ಲಿ ಒಲಿಂಪಿಕ್ ಕ್ರೀಡೆಗಳಲ್ಲಿ ಹೆಂಗಸರಿಗೆ 800 ಮೀಟರು ಓಟವನ್ನು ಇಟ್ಟರು. ಅವರ ದೇಹವು ತಾಳದೆಂದು ಹೇಳಿ ಅದನ್ನೂ ತೆಗೆದುಹಾಕಿ, 1960ರವರೆಗೆ ಮತ್ತೆ ಇಡಲಿಲ್ಲ. 1967ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮ್ಯಾರಥಾನಿನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಎಂಬ ವಿದ್ಯಾರ್ಥಿನಿಯು 261ನೆಯ ಸಂಖ್ಯೆಯನ್ನು ಧರಿಸಿ ಓಡುತ್ತಿದ್ದಾಗ, ನಡೆಸುವವರಲ್ಲೊಬ್ಬನು ನಡುದಾರಿಯಲ್ಲಿ ಅವಳ ಮೇಲೆ ಬಿದ್ದು ಸಂಖ್ಯೆಯ ಚೀಟಿಯನ್ನು ಕಿತ್ತುಕೊಳ್ಳಲು ನೋಡಿದನು. ಅವಳು ನಿಲ್ಲದೆ ಓಟವನ್ನು ಮುಗಿಸಿದಳು. ಆ ಊರಿನಲ್ಲಿ ಹೆಂಗಸರನ್ನು ಕ್ರಮವಾಗಿ ಸೇರಿಸಿಕೊಂಡುದು 1972ರಲ್ಲಿ. ಒಲಿಂಪಿಕ್ ಕ್ರೀಡೆಗಳಲ್ಲಿ ಹೆಂಗಸರ ಮ್ಯಾರಥಾನ್ ಮೊದಲು ನಡೆದುದು 1984ರಲ್ಲಿ, ಲಾಸ್ ಏಂಜಲಿಸ್ ನಗರದಲ್ಲಿ. ಲೂಯಿಸನು ಓಡಿದ 88 ವರ್ಷಗಳ ತರುವಾಯ. ಅದರಲ್ಲಿ ಅಮೆರಿಕದ ಜೋನ್ ಬೆನೊಯಿಟ್ ಎಂಬಾಕೆಯು 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಓಡಿ ಮೊದಲಿಗಳಾದಳು. ಲೂಯಿಸನು ಓಡಿದುದಕ್ಕಿಂತ ಅವಳ ದಾರಿಯು ಸುಮಾರು 2 ಕಿಲೋಮೀಟರು ಹೆಚ್ಚು; ಅವಳು ತೆಗೆದುಕೊಂಡ ವೇಳೆಯು ಸುಮಾರು 34 ನಿಮಿಷ ಕಡಿಮೆ.